ಮಲಗಿದರೆ ಮಾಯವಾಗುವ ಗಂಟು

ನಮ್ಮನೆಯವರು ಕಟಿಂಗ್ ಮಾಸ್ಟರ್. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿ ಹಾಕುವುದು ಅವರ ಕೆಲಸ. ಅದು ಕೂತು ಮಾಡುವಂಥದ್ದಲ್ಲ. ಮದುವೆಗೆ ಮುಂಚಿನಿಂದಲೂ ಅದೇ ಮೇಜಿನ ಮುಂದೆ ನಿಂತು ನಿಂತು ಬಲಗಾಲಿನ ನರಗಳು ಹಗ್ಗದ ಹಾಗೆ ಉಬ್ಬಿಕೊಂಡಿದ್ದವು. "ಇದು ನಮ್ಮ ಕಸುಬಿನ ಸೀಲು" ಎಂದು ನಗುತ್ತಿದ್ದರು. ನಾನೂ ನಕ್ಕು ಸುಮ್ಮನಾಗಿದ್ದೆ.

ಆ ವರ್ಷ ನಗು ನಿಂತುಹೋಯಿತು. ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗುವುದು, ನನ್ನ ಕೈ ತಗುಲಿದರೆ ಬೆಚ್ಚಿಬೀಳುವುದು. ವಯಸ್ಸಾಯಿತು, ಬೇಡವಾದೆ ಎಂದುಕೊಂಡೆ. ಸಾಲದ್ದಕ್ಕೆ, ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾ ಕೂತಿದ್ದ ನನ್ನನ್ನು ಎಬ್ಬಿಸಿ, ಕಟಿಂಗ್ ಕಲಿಯಲೇಬೇಕು ಎಂದು ಹಟ ಹಿಡಿದರು. ಗೆರೆ ಕೂದಲೆಳೆಯಷ್ಟು ತಪ್ಪಿದರೂ ರೇಗುತ್ತಿದ್ದರು. "ನಾನೇನು ಓಡಿಹೋಗ್ತಿದೀನಾ? ನಿಧಾನಕ್ಕೆ ಕಲಿಸ್ರೀ" ಎಂದರೆ ಇನ್ನೊಂದು ತುಂಡು ಬಟ್ಟೆ ಹಾಸಿ ಸೀಮೆಸುಣ್ಣವನ್ನು ನನ್ನ ಕೈಗೆ ತುರುಕುತ್ತಿದ್ದರು.

ಒಂದು ಸಂಜೆ ಬಚ್ಚಲಿಗೆ ಟವೆಲ್ ಕೊಡಲು ಹೋದಾಗ ಗೊತ್ತಾಯಿತು. ಕಾಲರಿನೊಳಗೆ ಹಾಕುವ ದಪ್ಪ ಬಕ್ರಂ ಬಟ್ಟೆಯನ್ನು ಮಡಿಸಿ ತಾವೇ ಹೊಲಿದುಕೊಂಡ ಪಟ್ಟಿಯೊಂದನ್ನು ಸೊಂಟದಿಂದ ಬಿಚ್ಚುತ್ತಿದ್ದರು. ಬಲ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಅದರ ಮೇಲೆ ಚರ್ಮ ಸ್ವಲ್ಪ ನೀಲಿಯಾಗಿತ್ತು.

"ಅಣ್ಣನಿಗೂ ಅಲ್ಲೇ ಬಂದಿತ್ತು" ಎಂದರು.

ಅವರ ಅಣ್ಣ, ನಮ್ಮ ಭಾವನವರು, ತೊಡೆಸಂದಿನ ಕ್ಯಾನ್ಸರ್ ಗಂಟಿನಿಂದಲೇ ಹೋದದ್ದು. ತಾವು ಹೋದ ಮೇಲೆ ನನ್ನ ಹೊಟ್ಟೆಪಾಡಿಗಿರಲಿ ಎಂದೇ ಕಟಿಂಗ್ ಕಲಿಸುತ್ತಿದ್ದರು ಎಂದು ಆಗ ತಿಳಿಯಿತು.

ಮಾರನೇ ದಿನವೇ ಆಸ್ಪತ್ರೆಗೆ ಎಳೆದೊಯ್ದೆ. ಡಾಕ್ಟರಮ್ಮ ಹೇಳುವ ಮೊದಲೇ ಇವರು ಹೋಗಿ ಮಂಚದ ಮೇಲೆ ಮಲಗಿಬಿಟ್ಟರು. ಡಾಕ್ಟರಮ್ಮ ಒತ್ತಿ ನೋಡಿದರು, ಏನೂ ಸಿಗಲಿಲ್ಲ. ನಾನೇ ಬಗ್ಗಿ ನೋಡಿದೆ, ಗಂಟು ಇಲ್ಲವೇ ಇಲ್ಲ. "ಇತ್ತು ಮೇಡಂ, ಕಣ್ಣಾರೆ ನೋಡಿದೀನಿ" ಎಂದು ಹುಚ್ಚಿಯ ಹಾಗೆ ಹೇಳುತ್ತಲೇ ಇದ್ದೆ. ಹೊರಗೆ ಸಾಲು ಬೆಳೆದಿತ್ತು. ಮತ್ತೆ ಕಂಡರೆ ಬನ್ನಿ ಎಂದು ಕಳಿಸಿದರು.

ಸಂಜೆ ಮೇಜಿನ ಮುಂದೆ ನಿಂತಿದ್ದವರ ಪ್ಯಾಂಟಿನ ಮೇಲೇ ಉಬ್ಬು ಕಾಣುತ್ತಿತ್ತು. ಅಂಗಡಿಯ ಬಾಗಿಲು ಎಳೆದು ಕೈಯಿಟ್ಟೆ. ಮೆತ್ತಗಿತ್ತು. ಒತ್ತಿದರೆ ಇಳಿದು, ಬಿಟ್ಟರೆ ತುಂಬಿಕೊಳ್ಳುತ್ತಿತ್ತು. ಅವರು ಕೆಮ್ಮಿದಾಗ ಬೆರಳಿಗೆ ಜುಮ್ಮೆಂದು ತಾಗಿತು. ಬಟ್ಟೆಗಳನ್ನು ಸರಿಸಿ ಮೇಜಿನ ಮೇಲೇ ಮಲಗಿಸಿದೆ. ನನ್ನ ಕೈಯ ಕೆಳಗೇ ಅದು ಕರಗಿಹೋಯಿತು. ಭಾವನವರದು ಕಲ್ಲಿನಂತಿತ್ತು, ಮಲಗಿದರೂ ಹೋಗುತ್ತಿರಲಿಲ್ಲ.

"ಮಲಗಿದ್ರೆ ಹೋಗುತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಅದಕ್ಕೇ ಅಲ್ಲಿ ಮಲಗಿದ್ದು." ಮುಖ ಮುಚ್ಚಿಕೊಂಡರು. "ಕ್ಯಾನ್ಸರ್ ಅಂತ ಡಾಕ್ಟರಮ್ಮನ ಬಾಯಿಂದ ಕೇಳೋ ಧೈರ್ಯ ನನಗಿಲ್ಲ ಕಣೇ. ಕಾಣದೇ ಇದ್ರೆ ಇನ್ನಷ್ಟು ದಿನ ದೂಡಬಹುದು."

ನನಗೆ ದಿಕ್ಕೇ ತೋಚಲಿಲ್ಲ. ಬೈದೆ, ಅಂಗಲಾಚಿದೆ. ಕೊನೆಗೆ, "ನೀವು ಬರದಿದ್ರೆ ನಾನಿನ್ನು ಕತ್ತರಿ ಮುಟ್ಟಲ್ಲ" ಎಂದೆ. ಅದಕ್ಕೆ ಹೆದರಿ ಬಂದರು.

ಈ ಸಲ ಅವರು ಮಂಚದ ಕಡೆ ಹೆಜ್ಜೆ ಇಡುತ್ತಿದ್ದಂತೆ ರಟ್ಟೆ ಹಿಡಿದೆ. "ನಿಲ್ಲಿಸಿಯೇ ನೋಡಿ ಮೇಡಂ." ಊರಿನ ಗಂಡಸರ ಕಾಲಳತೆಯನ್ನೆಲ್ಲ ತೆಗೆದ ಮನುಷ್ಯ ಪ್ಯಾಂಟ್ ಇಳಿಸಿ ಕಣ್ಣು ಮುಚ್ಚಿ ನಿಂತರು. ಡಾಕ್ಟರಮ್ಮ ಗಂಟಿನ ಮೇಲೆ ಕೈಯಿಟ್ಟು ಕೆಮ್ಮಿಸಿದರು, ಕಾಲಿನ ನರಗಳನ್ನು ನೋಡಿದರು, ನಿಲ್ಲಿಸಿಯೇ ಸ್ಕ್ಯಾನ್ ಮಾಡಿಸಿದರು.

"ಇದು ಕ್ಯಾನ್ಸರ್ ಅಲ್ಲ, ಹರ್ನಿಯಾನೂ ಅಲ್ಲ. ಕಾಲಿನ ರಕ್ತನಾಳದ ಕವಾಟ ಕೆಟ್ಟಿದೆ. ನಿಂತಾಗ ರಕ್ತ ವಾಪಸ್ ಇಳಿದು ಇಲ್ಲಿ ಉಬ್ಬುತ್ತೆ, ಮಲಗಿದ್ರೆ ಖಾಲಿಯಾಗುತ್ತೆ. ಚಿಕಿತ್ಸೆ ಇದೆ. ಆ ಪಟ್ಟಿ ಮಾತ್ರ ಇನ್ನು ಕಟ್ಟಬೇಡಿ."

"ಹಾಗಾದ್ರೆ ನಾನು ಸಾಯಲ್ವಾ?"

"ಇದರಿಂದ ಸಾಯಲ್ಲ."

ಅವರು ಪ್ಯಾಂಟ್ ಏರಿಸುವುದನ್ನೂ ಮರೆತು ನಿಂತಿದ್ದರು. ನಾನು ಡಾಕ್ಟರಮ್ಮನ ಎದುರೇ ಅವರ ಭುಜಕ್ಕೆ ರಪರಪ ಬಾರಿಸಿದೆ.

"ನಾನು ಬೇಡವಾದೆ ಅಂತ ಇಷ್ಟು ತಿಂಗಳು ನಿಮ್ಮ ಬೆನ್ನು ನೋಡ್ಕೊಂಡು ಅತ್ತಿದೀನಿ. ಸಾಯ್ತೀನಿ ಅಂತ ಹೆದರಿದಾಗ ಹೇಳ್ಕೊಳ್ಳೋಕೂ ನಾನು ಬೇಡವಾದ್ನಾ?"