ಹೆಸರು ಕೆತ್ತಿಸಿದ ಡಬ್ಬಿ

ಉಡುಗೊರೆ ಆರಿಸುವ ವಿದ್ಯೆ ನನಗೆ ಅರವತ್ತು ದಾಟಿದರೂ ಬಂದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪು ನನ್ನದಲ್ಲ, ತಿಪಟೂರು ಸೀಮೆಯದು. ಇಲ್ಲಿ ಯಾರ ಮನೆಗೆ ಹೊರಟರೂ ಅಟ್ಟದಿಂದ ನಾಲ್ಕು ಕೊಬ್ಬರಿ ಇಳಿಸಿಕೊಂಡರೆ ಮುಗಿಯಿತು. ಕೊಡುವವರಿಗೆ ಯೋಚನೆಯಿಲ್ಲ, ಪಡೆಯುವವರಿಗೆ ಆಶ್ಚರ್ಯವಿಲ್ಲ. ಅವರ ಅಟ್ಟದಲ್ಲೂ ಅದೇ ಇರುತ್ತದೆ.

ಇಂಥ ನಾನು ಹೆಂಡತಿ ಗಿರಿಜೆಯೊಂದಿಗೆ ಫಿನ್‌ಲ್ಯಾಂಡಿಗೆ ಹೊರಟೆ. ಕರೆದವಳು ಹನ್ನಾ. ತೆಂಗಿನ ತೋಟದ ಮಣ್ಣಿನ ಬಗ್ಗೆ ಓದಲು ಬಂದು, ಹಾಲ್ಕುರಿಕೆಯ ನಮ್ಮ ಮನೆಯಲ್ಲಿ ಮೂರು ತಿಂಗಳಿದ್ದ ಹುಡುಗಿ. ಮುದ್ದೆ ನುಂಗಲು ಕಲಿತಳು, ಕನ್ನಡ ಅಕ್ಷರ ಕಲಿತಳು. ಪಕ್ಕದ ಮನೆಯಿಂದ ಸಾರು ಬಂದ ಬಟ್ಟಲನ್ನು ವಾಪಸು ಕೊಡಲು ಅವಳು ಹೊರಟಾಗಲೆಲ್ಲ ಗಿರಿಜೆ ತಡೆದು, ಅದಕ್ಕೆ ಬೆಲ್ಲವನ್ನೋ ಬಾಳೆಹಣ್ಣನ್ನೋ ಹಾಕಿ ಕಳಿಸುತ್ತಿದ್ದಳು. ಗಿರಿಜೆಯನ್ನು ಅಮ್ಮ ಎನ್ನುತ್ತಿದ್ದ ಆ ಹುಡುಗಿ ಹೋಗುವ ದಿನ ಅತ್ತಳು. ನಮಗೆ ಹೆಣ್ಣುಮಕ್ಕಳಿಲ್ಲ. ಹಾಗಾಗಿ ಅವಳ ಮನೆಗೆ ಏನು ಒಯ್ಯಬೇಕೆಂಬುದು ಗಿರಿಜೆಗೆ ಸಣ್ಣ ಪ್ರಶ್ನೆಯಾಗಿರಲಿಲ್ಲ.

ಗಂಧದ ಮರದ ಆನೆ ಒಯ್ಯೋಣ ಎಂದೆ ನಾನು.

"ಆನೆ ಇಟ್ಕಂಡು ಅವ್ಳೇನ್ ಮಾಡ್ತಾಳೆ? ನಮ್ಮನೇದು ಅನ್ನಂಗಿರ್ಬೇಕು ಕಣ್ರೀ" ಎಂದು ಅವಳು ಅಟ್ಟ ಹತ್ತಿದಳು.

ಅವಳ ಮಾತಿನಲ್ಲೂ ನ್ಯಾಯವಿತ್ತು. ಕಾಯಿ ವರ್ಷದ ಹತ್ತಿರ ಅಟ್ಟದ ಮೇಲೆ ಕೂತು, ಒಳಗಿನ ನೀರು ಬತ್ತಿ, ಕೊಬ್ಬರಿ ತಾನಾಗಿ ಚಿಪ್ಪು ಬಿಡಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಹತ್ತು ನಿಮಿಷದಲ್ಲಿ ಕೊಳ್ಳುವ ಆನೆಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಗಿರಿಜೆ ಇಪ್ಪತ್ತು ಕಾಯಿ ಅಲ್ಲಾಡಿಸಿ ಐದನ್ನು ಆರಿಸಿ, ಸುಲಿಸಿ, ಹೊಸ ಸ್ಟೀಲ್ ಡಬ್ಬಿಗೆ ತುಂಬಿದಳು. ಡಬ್ಬಿಯ ಮೇಲೆ 'ಗಿರಿಜಮ್ಮ, ಹಾಲ್ಕುರಿಕೆ' ಎಂದು ಚುಕ್ಕಿಚುಕ್ಕಿಯಾಗಿ ಕೆತ್ತಿಸಿದ್ದಳು. ಪಾತ್ರೆ ಕೊಟ್ಟ ಮೇಲೆ ಕೊಟ್ಟವರ ಹೆಸರು ಅದರ ಮೇಲಿರಲೇಬೇಕು. ಪಡೆದವರು ಮರೆತರೂ ಪಾತ್ರೆ ಮರೆಯಬಾರದಲ್ಲ.

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆಸಿದರು. "ಕೊಬ್ರೀಲಿ ಎಣ್ಣೆ ಇರುತ್ತಮ್ಮ, ಬೆಂಕಿ ಹತ್ಕೊಳ್ಳುತ್ತೆ. ಬಿಡೋಕಾಗಲ್ಲ" ಎಂದ ಅಧಿಕಾರಿ.

"ನಮ್ಮಟ್ಟದ ಮ್ಯಾಲೆ ಸಾವ್ರ ಐತೆ, ಕೆಳಗೇ ಒಲೆ ಉರೀತೈತೆ. ಒಂದಿನಾನೂ ಹತ್ಕಂಡಿಲ್ಲ ಕಣಪ್ಪ" ಎಂದಳು ಗಿರಿಜೆ.

ಅವನು ಗೋಡೆಯ ಮೇಲಿನ ನಿಯಮದ ಪಟ್ಟಿಯತ್ತ ಬೆರಳು ತೋರಿಸಿದ. ಕೊಬ್ಬರಿ ಅಲ್ಲೇ ಉಳಿಯಿತು, ಡಬ್ಬಿ ನಮ್ಮ ಜೊತೆ ಬಂತು. ಖಾಲಿ ಡಬ್ಬಿಯನ್ನು ಹೇಗೆ ಕೊಡುವುದು? ವಿಮಾನದಲ್ಲಿ ಕಾಫಿಯ ಜೊತೆ ಕೊಟ್ಟ ಸಕ್ಕರೆ ಪೊಟ್ಟಣಗಳನ್ನು ಗಿರಿಜೆ ಅದರಲ್ಲಿ ಕೂಡಿಡತೊಡಗಿದಳು. ನನ್ನದು, ತನ್ನದು, ಆಮೇಲೆ ಪಕ್ಕದ ಸೀಟಿನವರದು, ಹಿಂದಿನ ಮುಂದಿನ ಸಾಲಿನವರದೂ. ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಹೇಳಿದ ಮೇಷ್ಟ್ರಾದ ನಾನು ಕಿಟಕಿಯ ಕಡೆ ತಿರುಗಿ ನಿದ್ದೆ ನಟಿಸಿದೆ.

ಹನ್ನಾ ಡಬ್ಬಿಯನ್ನು ಎದೆಗೊತ್ತಿಕೊಂಡು, ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದಳು. ಹದಿನೈದು ದಿನ ಆ ಸಕ್ಕರೆಯಲ್ಲೇ ಕಾಫಿ ಕುಡಿದೆವು. ಗಿರಿಜೆ ಗೆದ್ದ ಮುಖದಲ್ಲಿದ್ದಳು.

ಊರಿಗೆ ಬಂದು ಪೆಟ್ಟಿಗೆ ತೆರೆದರೆ, ಸೀರೆಗಳ ಅಡಿಯಲ್ಲಿ ಅದೇ ಡಬ್ಬಿ.

ಗಿರಿಜೆ ಅದನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು. "ಇಷ್ಟ ಆಗ್ಲಿಲ್ಲ ಅನ್ಸತ್ತೆ. ವಾಪಸ್ ಕೊಟ್ಬುಟ್ಟವ್ಳೆ" ಎಂದಳು. ಕಣ್ಣು ತುಂಬಿತ್ತು. ನನಗೂ ಸಂಕಟವಾಗಿತ್ತು. ಸುಮ್ಮನಿರಲಾರದೆ ಮುಚ್ಚಳ ತೆಗೆದೆ. ಒಳಗೆ ಕಂಠಮಟ್ಟ ಒಣಗಿಸಿದ ಕಾಡುಹಣ್ಣು, ಮೇಲೊಂದು ಚೀಟಿ. ಸೊಟ್ಟ ಅಕ್ಷರದಲ್ಲಿ ಬರೆದಿತ್ತು: 'ಅಮ್ಮ, ನಿಮ್ಮ ಹೆಸರಿನ ಡಬ್ಬಿ. ಖಾಲಿ ಕೊಡಬಾರದು, ನನಗೆ ನೆನಪಿದೆ.'

ಗಿರಿಜೆ ಎರಡು ಸಲ ಓದಿದಳು. "ನಾನೇ ಕಲ್ಸಿದ್ದು ಕಣ್ರೀ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಬಹಳ ಹುಳಿ ಇತ್ತು. ಚೆನ್ನಾಗಿದೆ ಎಂದಳು.

ಮುಂದಿನ ವಾರ ಡಬ್ಬಿಯನ್ನು ತಿಪಟೂರಿಗೆ ಒಯ್ದು, ತನ್ನ ಹೆಸರಿನ ಕೆಳಗೆ ಹನ್ನಾಳ ಹೆಸರನ್ನೂ ಕೆತ್ತಿಸಿಕೊಂಡು ಬಂದಳು. ತಪ್ಪು ತಿದ್ದುವ ಚಟ ನನಗೆ ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ.

"ನಿನ್ನ ಹೆಸ್ರನ್ನ ಉಜ್ಜಿಸಿಬಿಡ್ಬೇಕಿತ್ತು ಕಣೇ. ಹಿಂಗೇ ಅವ್ಳಿಗೆ ಕಳಿಸಿದ್ರೆ ಮತ್ತೆ ವಾಪಸ್ ಬತ್ತದೆ" ಎಂದೆ.

"ಬರ್ಲಿ ಅಂತ್ಲೇ ಬುಟ್ಟಿರೋದು" ಎಂದು ಅವಳು ಅಟ್ಟದ ಏಣಿ ಹತ್ತಿದಳು.