ದಿವ್ಯಶ್ರೀಯ ಹನ್ನೆರಡು ಷಡ್ಜಗಳು

ಕಾಸರಕೋಡಿನ ದಿವ್ಯಶ್ರೀಗೆ ಹಾರ್ಮೋನಿಯಂ ಕಲಿಸಿದವರು ಹೊನ್ನಾವರದ ನಾಗರಾಜ ಮಾಸ್ತರು. ಒಂದಲ್ಲ ಎರಡಲ್ಲ, ಏಳು ವರ್ಷ ಕಲಿಸಿದರು. ಮಾಸ್ತರು ಹಾಡುತ್ತಿದ್ದದ್ದು ಕಪ್ಪು ಒಂದರ ಶ್ರುತಿಯಲ್ಲಿ. ಅಂದರೆ ಹಾರ್ಮೋನಿಯಂ ಪೆಟ್ಟಿಗೆಯ ಮೊದಲ ಕಪ್ಪು ಕೀಯೇ ಅವರ ಷಡ್ಜ, ಅವರ ಸಾ. ಗಂಡಸಿನ ಗಂಟಲಿಗೆ ಅದು ಸಲೀಸು. ಹುಡುಗಿಯ ಬೆರಳುಗಳೂ ಅಲ್ಲಿಂದಲೇ ಹೊರಟು ಅಲ್ಲಿಗೇ ಮರಳುವುದನ್ನು ಕಲಿತವು. ಬೇರೆ ಕಡೆಯಿಂದಲೂ ಹೊರಡಬಹುದು ಎಂದು ಹೇಳಲು ಗುರುವಿಗೆ ಹೊಳೆಯಲಿಲ್ಲ, ಕೇಳಲು ಶಿಷ್ಯೆಗೆ ಹೊಳೆಯಲಿಲ್ಲ.

ಕುಮಟಾದ ಮಧುರಾ ಆಗಷ್ಟೇ ಹೆಸರು ಮಾಡುತ್ತಿದ್ದ ಗಾಯಕಿ. ಭಟ್ಕಳದಿಂದ ಕುಮಟಾದವರೆಗೆ ಸಂಗೀತದ ಹುಚ್ಚಿರುವ ಮನೆಗಳ ಜಗುಲಿಯಲ್ಲಿ ಅವಳ ಬೈಠಕ್ ನಡೆಯುತ್ತಿದ್ದವು. ಅವಳಿಗೊಬ್ಬರು ಹಾರ್ಮೋನಿಯಂ ಸಾಥಿಗೆ ಬೇಕಾದಾಗ ತಬಲಾ ನುಡಿಸುವ ಅಜಯ ತನ್ನ ನೆರೆಮನೆಯ ದಿವ್ಯಶ್ರೀಯ ಹೆಸರು ಹೇಳಿದ. ಆದರೆ ಮಧುರಾಳದು ಕಪ್ಪು ನಾಲ್ಕರ ಶ್ರುತಿ. ಜಾಣೆ ದಿವ್ಯಶ್ರೀ ಅಡ್ಡದಾರಿ ಹುಡುಕಿದಳು. ಗೆಳತಿಯೊಬ್ಬಳ ಹತ್ತಿರ ಇದ್ದ ಸ್ಕೇಲ್ ಚೇಂಜರ್ ಎರವಲು ತಂದಳು. ಕೀಗಳ ಸಾಲನ್ನೇ ಪಕ್ಕಕ್ಕೆ ಸರಿಸುವ ಪೆಟ್ಟಿಗೆ ಅದು. ಬೆರಳು ಹಳೆಯ ಜಾಗದಲ್ಲೇ ಓಡುತ್ತದೆ, ಶ್ರುತಿ ಮಾತ್ರ ಬೇರೆ. ಮೂರು ಬೈಠಕ್ ಹಾಗೇ ದಾಟಿದವು. ಜನ ಹೊಗಳಿದರು, ಇವಳು ಉಬ್ಬಿದಳು.

ನಾಲ್ಕನೆಯದು ಕುಮಟಾದಲ್ಲಿ. "ಪೆಟ್ಟಿಗೆ ನಮ್ಮನೇಲೇ ಅದೆ, ಹೊತ್ಕಂಡು ಬರೂದು ಬೇಡ" ಎಂದು ಬೈಠಕ್ ಇಟ್ಟುಕೊಂಡ ಮನೆಯವರು ಹೇಳಿದ್ದರಿಂದ ಬರಿಗೈಯಲ್ಲಿ ಬಸ್ಸು ಹತ್ತಿದಳು. ಅಲ್ಲಿ ಮುಚ್ಚಳ ತೆಗೆದರೆ ಅಜ್ಜನ ಕಾಲದ ಸಾದಾ ಹಾರ್ಮೋನಿಯಂ! ಕೀಗಳು ಜಪ್ಪಯ್ಯ ಅಂದರೂ ಸರಿಯುವಂಥವಲ್ಲ. ಮಧುರಾ ಷಡ್ಜಕ್ಕೆ ಬಂದು ನಿಂತಾಗೆಲ್ಲ ಇವಳ ಬೆರಳು ತವರಿಗೆ, ಅದೇ ಕಪ್ಪು ಒಂದಕ್ಕೆ, ಓಡುತ್ತಿತ್ತು. ಒಂದು ಸಲ ಆಯಿತು, ಎರಡು ಸಲ ಆಯಿತು. ಮೂರನೇ ಸಲಕ್ಕೆ ಮಧುರಾ ಹಾಡುತ್ತಲೇ ಎಡಗೈ ಕೆಳಗಿಳಿಸಿ ನಿಲ್ಲಿಸು ಎಂದು ಸನ್ನೆ ಮಾಡಿದಳು. ತಂಬೂರಿ, ತಬಲಾ ಎರಡರಲ್ಲೇ ಹಾಡು ಮುಂದುವರಿಯಿತು. ನಡುವೆ ಎದ್ದು ಹೋಗುವಂತಿಲ್ಲ. ತಿದಿ ಮುಚ್ಚಿ, ನಲವತ್ತು ಜನರೆದುರು ಒಂದು ತಾಸು ದಿವ್ಯಶ್ರೀ ಸುಮ್ಮನೆ ಕೂತಳು. ಅಂಥ ತಾಸು ಶತ್ರುವಿಗೂ ಬೇಡ.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಇವಳು ಹಾಗೆ ಅನ್ನಲಿಲ್ಲ. ಮರುದಿನವೇ ಗೆಳತಿಯ ಪೆಟ್ಟಿಗೆ ಹಿಂದಿರುಗಿಸಿ, ಮಾಸ್ತರ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಮಾಸ್ತರ ಮುಖ ಸಣ್ಣದಾಯಿತು.

"ತಪ್ಪು ನಂದೇ ಮಗಾ. ನನ್ನ ಗಂಟಲಿಗೆ ನಿನ್ನ ಕಟ್ಟಿ ಹಾಕ್ದೆ. ಒಂದು ಸ್ಕೇಲ್ ಚೇಂಜರ್ ತಕೋ. ದೊಡ್ಡ ದೊಡ್ಡವರೇ ಅದನ್ನ ನುಡಿಸ್ತಾರೆ."

"ಬೇಡ ಮಾಸ್ತರೆ. ಬಿಳಿ ಏಳು, ಕಪ್ಪು ಐದು, ಹನ್ನೆರಡೂ ಕಡೆಯಿಂದ ಕಲಿಸಿ. ಮೊದಲ ಪಾಠದಿಂದ ಶುರು ಮಾಡ್ತೆ."

ತಿಂಗಳಿಗೊಂದು ಷಡ್ಜ ಎಂದು ಲೆಕ್ಕ ಹಾಕಿಕೊಂಡರು. ದಿವ್ಯಶ್ರೀಗೆ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಕೆಲಸ. ಒಂಬತ್ತಕ್ಕೆ ಅಲ್ಲಿರಬೇಕು, ಅದಕ್ಕೂ ಮೊದಲು ಎರಡು ತಾಸು ಮನೆಯ ಸಾದಾ ಪೆಟ್ಟಿಗೆ. ಏಳು ವರ್ಷ ಕಲಿತವಳು ಸಾ ರೇ ಗ ಎಂದು ತಡವರಿಸುವುದನ್ನು ಕೇಳಿ, ಮೀನು ಒಣಗಿಸಲು ಹೊರಟಿದ್ದ ತಾಯಿ ಕಮಲಿ ಬಾಗಿಲಲ್ಲೇ ನಿಂತಳು.

"ಎಂತದೇ ಇದು? ಎಲ್ಲರೂ ಮುಂದೆ ಹೋದ್ರೆ ನೀ ಹಿಂದೆ ಬಂದ್ಯಲ್ಲೇ?"

"ಬುಡ ಗಟ್ಟಿ ಮಾಡ್ತೆ, ಅಮ್ಮ."

ಐದನೇ ತಿಂಗಳು ಬೆರಳುಗಳಿಗೆ ಹೊಸದೂ ಹತ್ತದೆ ಹಳೆಯದೂ ಮರೆತಂತಾಗಿ ದಿವ್ಯಶ್ರೀ ಅತ್ತಳು. ಅತ್ತು, ಮುಖ ತೊಳೆದು, ಮತ್ತೆ ಕೂತಳು. ಹಠದಲ್ಲಿ ಅವಳು ಅಪ್ಪನ ಮಗಳು. ಗಾಳಿ ಎದುರಾಯಿತೆಂದು ವೆಂಕಟ್ರಮಣ ದೋಣಿ ತಿರುಗಿಸಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ.

ವರ್ಷ ತುಂಬಿತು. ಮಧುರಾ ಒಮ್ಮೆಯೂ ಕರೆದಿರಲಿಲ್ಲ. ಭಟ್ಕಳದಲ್ಲಿ ಬೈಠಕ್ ಇದೆಯೆಂದು ಅಜಯನಿಂದ ತಿಳಿದು ದಿವ್ಯಶ್ರೀ ತಾನೇ ಫೋನ್ ಮಾಡಿದಳು.

"ಅಕ್ಕಾ, ಭಟ್ಕಳದ ಬೈಠಕ್ಕಿಗೆ ನಾ ಬರ್ಲಾ?"



"ಸ್ಕೇಲ್ ಚೇಂಜರ್ ತರ್ತ್ಯಾ?"

"ಇಲ್ಲ. ಅಲ್ಲಿ ಇದ್ದದ್ರಲ್ಲೇ ನುಡಿಸ್ತೆ."

"ಈ ಸಲ ನಿಲ್ಸುಕೆ ಹೇಳಿದ್ರೆ ಮತ್ತೆ ಕರೂದಿಲ್ಲ, ನೋಡು."

"ಆತು."

ಭಟ್ಕಳದಲ್ಲಿ ಮಧುರಾಳಿಗೆ ನೆಗಡಿ. ಕೂತ ಮೇಲೆ ಗಂಟಲು ನೋಡಿಕೊಂಡು, "ಕಪ್ಪು ನಾಲ್ಕು ಇವತ್ತು ಆಗೂದಿಲ್ಲ. ಬಿಳಿ ಐದಕ್ಕೆ ಇಳಿಸುವಾ" ಎಂದಳು. ಅಜಯ ಗೊಣಗುತ್ತ ಸುತ್ತಿಗೆ ಹಿಡಿದು ತಬಲಾ ಇಳಿಸತೊಡಗಿದ.  ದಿವ್ಯಶ್ರೀ ಬಿಳಿ ಐದನ್ನು ಒತ್ತಿ, ಅವನ ತಬಲಾ ಕೂಡುವವರೆಗೆ ಬಿಡದೆ ಹಿಡಿದಳು. ಆಮೇಲೆ ಎರಡು ತಾಸು ಮಧುರಾಳ ಸ್ವರದ ಹಿಂದೆಯೇ ನಡೆದಳು. ಮಧುರಾ ಅವಳ ಕಡೆ ತಿರುಗಿ ನೋಡಲೂ ಇಲ್ಲ, ನಿಲ್ಲಿಸು ಎನ್ನಲೂ ಇಲ್ಲ.

ಎಲ್ಲ ಮುಗಿದು ಚಹಾ ಕುಡಿಯುವಾಗ ದಿವ್ಯಶ್ರೀಗೆ ತಡೆಯಲಾಗಲಿಲ್ಲ.

"ಎರಡು ಕಡೆ ಜಾರ್ತು ಅಕ್ಕಾ."

"ಎರಡಲ್ಲ, ಮೂರು" ಎಂದಳು ಮಧುರಾ, ಲೋಟ ಕೆಳಗಿಡುತ್ತ. "ಹದಿನೆಂಟಕ್ಕೆ ಮಂಕೀಲಿ ಬೈಠಕ್ ಅದೆ. ಬೇಗ ಬಾ."