ಅಂಟಕ್ಕ ಕತ್ತರಿಸಿದ ಹನ್ನೊಂದು ಸೆಕೆಂಡು

ಫಿಲಂ ಭಂಡಾರದಲ್ಲಿ ಅಂಟಕ್ಕನನ್ನು ಅರಿಯದವರಿರಲಿಲ್ಲ. ಹರಿದ ಫಿಲಂ ಅಂಟಿಸುವುದು ಅವಳ ಕೆಲಸ. ಮೂವತ್ತೊಂದು ವರ್ಷದಿಂದ ಅದೇ ನೆಲಮಾಳಿಗೆ, ಅದೇ ಬೆಂಚು, ಬೆಂಚಿನ ಎರಡು ತುದಿಗೆ ಕೈಯಲ್ಲಿ ತಿರುಗಿಸುವ ಎರಡು ಚಕ್ರ, ನಡುವೆ ದೀಪವಿಟ್ಟ ಗಾಜು. ಸೀರೆಗೆ, ಕೂದಲಿಗೆ, ಕೊನೆಗೆ ಊಟದ ಡಬ್ಬಿಗೂ ಅಂಟಿನ ವಾಸನೆ. ಶಾಲೆಗಳಿಗೆ, ಸಂಘಗಳಿಗೆ ಎರವಲು ಹೋದ ಫಿಲಂ ಸುರುಳಿಗಳು ಗಾಯ ಮಾಡಿಕೊಂಡು ಹಿಂದಿರುಗುತ್ತಿದ್ದವು. ಹತ್ತಿಯ ಕೈಗವಸು ತೊಟ್ಟು, ಹೆಬ್ಬೆರಳು ತೋರುಬೆರಳ ನಡುವೆ ಫಿಲಂ ಅಂಚನ್ನು ಹಾಯಿಸುತ್ತಾ ಅವಳು ಚಕ್ರ ತಿರುಗಿಸುವಳು. ಬೆರಳಿಗೆ ಚುಚ್ಚಿತೋ, ಅಲ್ಲಿ ಹರಿದಿದೆ ಎಂದು ಲೆಕ್ಕ.

ಹರಿದ ಚೂರು ಕತ್ತರಿಸಿ ಎರಡು ತುದಿ ಅಂಟಿಸುವುದು ಯಾರಿಗಾದರೂ ಬರುತ್ತದೆ. ಆದರೆ ಬೇರೆಯವರು ಅಂಟಿಸಿದ ಕಡೆ ತೆರೆಯ ಮೇಲೆ ಚಿತ್ರ ಎಗರುತ್ತದೆ, ಸಂಗೀತ ಬಿಕ್ಕಳಿಸುತ್ತದೆ. ಅಂಟಕ್ಕನ ಜೋಡಣೆಯಲ್ಲಿ ಅದ್ಯಾವುದೂ ಇಲ್ಲ. ದೇವರೇ ಬಂದು ಹುಡುಕಿದರೂ ಸಿಗಬಾರದು, ಅದು ಅವಳ ಹಟ. ಆ ಹಟವೇ ಒಂದು ಸೋಮವಾರ ಅವಳ ಎದುರು ಬಂದು ಕೂತಿತು.

ಬಂದವಳು ಅರವತ್ತು ದಾಟಿದ ಹೆಂಗಸು. ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡಿ ನಿವೃತ್ತಳಾದವಳು. ಐದು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದಳು. ನೋಡಬೇಕೆಂದು ಕೇಳಿದ್ದು ಅರವತ್ತೆರಡು ವರ್ಷದ ಹಿಂದಿನ ಒಂದು ಸಾಕ್ಷ್ಯಚಿತ್ರ. ದೊಡ್ಡ ಶಿಖರವೊಂದನ್ನು ಮೊದಲ ಸಲ ಹತ್ತಿದ ತಂಡದ ಕಥೆ, ಕಪ್ಪು ಬಿಳುಪು, ನಲವತ್ತು ನಿಮಿಷ.

"ನಮ್ಮಪ್ಪ ಅದರಲ್ಲಿದ್ದಾರೆ," ಎಂದಳು. "ಹತ್ತಿದವರಲ್ಲ. ಹೊರೆ ಹೊತ್ತವರು."

ಇಳಿಯುವಾಗ ಹಿಮ ಕುಸಿದು ಅಪ್ಪ ಹೋದ. ದೇಹ ಸಿಗಲಿಲ್ಲ. ಇವಳಿಗೆ ಆಗ ಏಳು ತಿಂಗಳು. ಮನೆಯಲ್ಲಿ ಅವನದೊಂದು ಫೋಟೊ ಕೂಡ ಇರಲಿಲ್ಲ. ಅವನ ಜೊತೆ ಹೊರೆ ಹೊತ್ತ ಗೆಳೆಯನೊಬ್ಬ ಬದುಕಿ ಬಂದ. ಅವನನ್ನೇ ಇವಳು ಚಿಕ್ಕಪ್ಪ ಎಂದು ಕರೆದು ಬೆಳೆದಳು. ಚಿತ್ರ ಹೊಸದಾಗಿದ್ದಾಗ ಪೇಟೆಯಲ್ಲಿ ಒಮ್ಮೆ ತೋರಿಸಿದ್ದರಂತೆ, ಚಿಕ್ಕಪ್ಪ ನೋಡಿ ಬಂದಿದ್ದನಂತೆ. ಆ ದಿನದಿಂದ ಇವತ್ತಿನವರೆಗೂ ಅವನದು ಒಂದೇ ಮಾತು: ನಿಮ್ಮಪ್ಪ ಅದರಲ್ಲಿದ್ದಾನೆ, ಕಲ್ಲಿನ ಸೇತುವೆ ದಾಟಿದ ಮೇಲೆ ಹೊರೆ ಇಳಿಸಿ ಕ್ಯಾಮೆರಾ ಕಡೆ ತಿರುಗಿ ನಗ್ತಾನೆ.

ಅಂಟಕ್ಕನೇ ತೆರೆ ಇಳಿಸಿ, ದೀಪ ಆರಿಸಿ, ಯಂತ್ರ ಓಡಿಸಿದಳು. ಹೆಂಗಸು ಹೊಸ ಕನ್ನಡಕ ಹಾಕಿಕೊಂಡು ಕುರ್ಚಿಯ ತುದಿಗೆ ಬಂದು ಕೂತಳು. ಕಲ್ಲಿನ ಸೇತುವೆ ಬಂತು. ಇರುವೆ ಸಾಲಿನಂತೆ ಹೊರೆಯಾಳುಗಳು ಬಂದರು, ಬೆನ್ನಷ್ಟೇ ಕಾಣುತ್ತಿತ್ತು. ಆಮೇಲೆ ಡೇರೆ. ಡೇರೆಯ ಮುಂದೆ ತಂಡದ ನಾಯಕ ಗಡ್ಡ ಕೆರೆಯುತ್ತಾ ನಿಂತಿದ್ದ.

ಮೂರು ಸಲ ಹಾಕಿಸಿದಳು. ಮೂರನೆಯ ಸಲ ಎದ್ದು ತೆರೆಯ ಹತ್ತಿರವೇ ಹೋಗಿ ನಿಂತಳು, ಹೊರೆಯಾಳುಗಳು ಅವಳ ಸೆರಗಿನ ಮೇಲೆ ನಡೆದು ಹೋದರು.

"ಇಲ್ಲ," ಎಂದಳು ಕೊನೆಗೆ. ಕನ್ನಡಕ ತೆಗೆದು ಒರೆಸಿ ಡಬ್ಬಿಗೆ ಹಾಕಿದಳು. "ಚಿಕ್ಕಪ್ಪ ಸುಳ್ಳು ಹೇಳಿದ್ರು. ನಮ್ಮಮ್ಮನ ಸಮಾಧಾನಕ್ಕೆ ಕಟ್ಟಿದ ಕಥೆ ಅಂತ ಕಾಣುತ್ತೆ. ಅಮ್ಮನಾದ್ರೂ ನಂಬಿಕೊಂಡೇ ಹೋದ್ಲು. ನಾನು ಪೆದ್ದಿ ತರ ಇಷ್ಟು ದೂರ ಬಂದೆ ನೋಡಿ."

ಚಿಕ್ಕಪ್ಪ ಸುಳ್ಳು ಹೇಳಿರಲಿಲ್ಲ. ಸೇತುವೆಗೂ ಡೇರೆಗೂ ನಡುವೆ ಹನ್ನೊಂದು ಸೆಕೆಂಡು ಇತ್ತು. ಇಪ್ಪತ್ತೊಂದು ವರ್ಷದ ಹಿಂದೆ ಅದನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದವಳು ಅಂಟಕ್ಕನೇ.

ಅದು ನಡೆದದ್ದು ಹೀಗೆ. ಸುರುಳಿ ಒಂದು ಶಾಲೆಯಿಂದ ಬಂದಿತ್ತು, ಅದೇ ಮಧ್ಯಾಹ್ನ ಇನ್ನೊಂದು ಶಾಲೆಗೆ ಹೋಗಬೇಕಿತ್ತು. ಆ ಎರಡು ಮೀಟರ್ ಉದ್ದದಲ್ಲಿ, ಯಂತ್ರದ ಹಲ್ಲು ಹಿಡಿಯುವ ಅಂಚಿನ ತೂತುಗಳು ಒಂಬತ್ತು ಕಡೆ ಹರಿದಿದ್ದವು. ನಿಯಮದ ಪ್ರಕಾರ ಒಂಬತ್ತಕ್ಕೂ ಬೇರೆ ಬೇರೆ ತೇಪೆ ಹಾಕಬೇಕು, ಅರ್ಧ ದಿನದ ಕೆಲಸ. ಒಟ್ಟಿಗೆ ಕತ್ತರಿಸಿದರೆ ಒಂದೇ ಜೋಡಣೆ, ಕಾಲು ಗಂಟೆ. ಯಾರೋ ಹೊರೆಯಾಳುಗಳು, ಶಿಖರ ಹತ್ತುವ ಭಾಗವೇನೂ ಅಲ್ಲವಲ್ಲ ಎಂದುಕೊಂಡಳು. ಇನ್ನೊಂದು ಪ್ರತಿ ಕಪಾಟಿನಲ್ಲಿ ಇದೆಯಲ್ಲ ಎಂದೂ ಅಂದುಕೊಂಡಳು. ಆ ಪ್ರತಿ ಮೂರೇ ವರ್ಷಕ್ಕೆ ಹುಳಿ ವಾಸನೆ ಹೊಡೆದು ಸುರುಟಿಹೋಯಿತು. ಕತ್ತರಿಸಿದ ದಿನ ಅವಳು ಸಂಗೀತದ ತಾಳ ನೋಡಿಕೊಂಡು, ತಾಳಕ್ಕೆ ತಾಳ ಕೂಡುವಂತೆ ಕತ್ತರಿ ಹಾಕಿದಳು. ಓಡಿಸಿ ನೋಡಿ, ಯಾರಿಗೂ ಗೊತ್ತಾಗಲ್ಲ ಬಿಡು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು.

ಈಗ ಹೇಳಬಹುದಿತ್ತು. ಹೆಂಗಸು ಚೀಲ ಹೆಗಲಿಗೆ ಹಾಕುವವರೆಗೂ ಸಮಯವಿತ್ತು. ಅಂಟಕ್ಕ ಹೇಳಿದ್ದು, "ಬಸ್ಸಿಗೆ ಹೊತ್ತಾಗುತ್ತೇನೋ, ನೋಡಿಕೊಳ್ಳಿ." ಹೆಂಗಸು ಕೈಮುಗಿದು ಹೊರಟಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಒಂದೊಂದೇ ಕಡಿಮೆಯಾಗುತ್ತಾ ಹೋಯಿತು.

ಸಂಜೆ ಮನೆಯಲ್ಲಿ ಅಂಟಕ್ಕ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಗಂಡ ದರ್ಜಿ. ಮುಂದಿನ ಕೋಣೆಯೇ ಅವನ ಅಂಗಡಿ. ಒಂದು ತುತ್ತು ಬಾಯಿಗಿಟ್ಟು, ಇವತ್ತು ಸಮುದ್ರ ಕಾಯಿಸಿ ಬಡಿಸಿದ್ದೀಯಾ ಎಂದು ಕೇಳಿದ. ಅವಳು ನಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದಳು. ಇಪ್ಪತ್ತೊಂದು ವರ್ಷ ಹೇಳದೆ ಇದ್ದದ್ದನ್ನೂ.

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ, "ನಾನೂ ಎಷ್ಟೋ ಸಲ ತಪ್ಪು ಕತ್ತರಿಸಿದ್ದೀನಿ ಕಣೇ. ಬಟ್ಟೆ ತಂದವರಿಗೆ ನಾನೇ ಹೋಗಿ ಹೇಳ್ತೀನಿ. ಬೈತಾರೆ, ಬೈಸ್ಕೋತೀನಿ. ಹೇಳದೆ ಕೊಟ್ರೆ ಏನಾಗುತ್ತೆ? ತಮ್ಮ ಮೈಯೇ ಡೊಂಕು ಅಂದುಕೊಂಡು ಹೋಗ್ತಾರೆ, ಪಾಪ."

ಅಂಟಕ್ಕನಿಗೆ ಅದು ಎದೆಗೆ ನಾಟಿತು. ಇವಳು ಬಾಯಿ ಮುಚ್ಚಿಕೊಂಡಿದ್ದಕ್ಕೆ ಎಲ್ಲೋ ಒಬ್ಬ ಮುದುಕ ಸುಳ್ಳುಗಾರನಾಗಿ ಕೂತಿದ್ದಾನೆ.

ಬೆಳಿಗ್ಗೆ ಕಚೇರಿಗೆ ಹೋದವಳೇ ನೋಡುಗರ ಪುಸ್ತಕದಲ್ಲಿ ನಂಬರು ಹುಡುಕಿ ಫೋನು ಮಾಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನಿನ್ನೆ ಮನೆಗೆ ಬಂದವಳೇ ಚಿಕ್ಕಪ್ಪನ ಮುಖಕ್ಕೆ ಅಂದುಬಿಟ್ಟೆ," ಎಂದಳು ಹೆಂಗಸು. "ಅರವತ್ತು ವರ್ಷ ನಮ್ಮನ್ನ ಆಡಿಸಿದ್ರಲ್ಲ ಅಂತ. ಅವರು ನಮ್ಮ ಮನೇಲೇ ಇರೋದು. ಗೋಡೆ ಕಡೆ ಮುಖ ಮಾಡಿ ಮಲಗಿದವರು ಇನ್ನೂ ಎದ್ದಿಲ್ಲ. ನೀವು ನಿನ್ನೆನೇ ಬಾಯಿ ಬಿಟ್ಟಿದ್ರೆ ಏನಾಗ್ತಿತ್ತಮ್ಮ?"

ಹೆಂಗಸೇ ಇನ್ನೊಂದು ಕೇಳಿದಳು. "ಹೋಗ್ಲಿ, ನೀವು ನೋಡಿದ್ದೀರಲ್ಲ. ಹೇಗಿದ್ರು? ನನ್ನ ಹಾಗೆ ಕಾಣ್ತಿದ್ರಾ?"

ಭೂತಗನ್ನಡಿ ಹಿಡಿದು ಆ ಎರಡು ಮೀಟರನ್ನು ಅವಳು ಚೌಕ ಚೌಕವಾಗಿ ನೋಡಿದ್ದುಂಟು. ಯಾವ ತೂತು ಎಷ್ಟು ಹರಿದಿತ್ತು ಎಂದು ಈಗಲೂ ಹೇಳಬಲ್ಲಳು. ಯಾರೋ ನಿಂತದ್ದು, ಹಲ್ಲು ಕಂಡದ್ದು, ಅಷ್ಟು ನೆನಪಿದೆ. ಮುಖ ಎಷ್ಟು ಕರೆದರೂ ಬರಲಿಲ್ಲ. ಹೌದಮ್ಮ, ನಿಮ್ಮ ಹಾಗೇ ಇದ್ರು ಎಂದುಬಿಟ್ಟರೆ ಆ ಜೀವಕ್ಕೆ ಸಮಾಧಾನ. ನಾಲಿಗೆಯ ತುದಿಗೆ ಬಂದಿತ್ತು.

"ನಾನು ಅಂಚು ನೋಡ್ತಿದ್ದೆ," ಎಂದಳು. "ಮುಖ ನೋಡಲಿಲ್ಲ."

ಫೋನು ಇಟ್ಟ ಸದ್ದಾಯಿತು.

ಅಂಟಕ್ಕ ಒಂದು ಹಾಳೆ ತೆಗೆದು ತಪ್ಪೊಪ್ಪಿಗೆ ಬರೆದು ಅಧಿಕಾರಿಯ ಮೇಜಿನ ಮೇಲಿಟ್ಟಳು. ಅಧಿಕಾರಿ ಓದಿ, ನಿವೃತ್ತಿಗೆ ಎಂಟು ತಿಂಗಳಿರುವಾಗ ಮಲಗಿದ ನಾಯಿಯ ಬಾಲ ಯಾಕೆ ತುಳಿಯುತ್ತೀರಿ, ಇಷ್ಟು ವರ್ಷದಲ್ಲಿ ಯಾರಾದರೂ ಕೇಳಿದರಾ ಎಂದರು. ಒಬ್ಬರು ಕೇಳಿದರು ಸಾರ್ ಎಂದಳು.

ಗುರುವಾರ ಹೆಂಗಸು ಮತ್ತೆ ಬಂದಳು. ಜೊತೆಗೆ ಎಂಬತ್ತೊಂದರ ಚಿಕ್ಕಪ್ಪ. ವಿಷಯ ಕೇಳಿದವನೇ ಎದ್ದು ಕೂತು, ನಡಿ, ನಾನೇ ಬರ್ತೀನಿ ಎಂದು ಕೋಲು ಹಿಡಿದನಂತೆ. ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಲ್ಲಿ ಅಂಟಕ್ಕ ಕೈ ಕೊಡಲು ಹೋದಳು. ಅವನು ಹಿಡಿಯಲಿಲ್ಲ. "ಬೆಟ್ಟ ಇಳಿದವನಮ್ಮ ನಾನು," ಎಂದು ಒಂದೊಂದೇ ಮೆಟ್ಟಿಲು ತಾನೇ ಇಳಿದ.

ಚಿತ್ರ ಓಡಿತು. ಅಂಟಕ್ಕ ಯಂತ್ರದ ಹಿಂದೆ ನಿಂತಳು. ಕಲ್ಲಿನ ಸೇತುವೆ ಬಂತು, ಬೆನ್ನುಗಳು ಬಂದವು.

"ಇಲ್ಲಿ," ಎಂದು ಮುದುಕ ಕೋಲು ಎತ್ತಿದ. "ನಿಲ್ಲಿಸಿ."

ಡೇರೆ ಇನ್ನೂ ಸರಿಯಾಗಿ ಕಂಡಿರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಯಾರ ಕಣ್ಣಿಗೂ ಬೀಳದ ಜೋಡಣೆಯನ್ನು ಅದು ಬಂದ ಕ್ಷಣಕ್ಕೇ ಅವನು ಹಿಡಿದಿದ್ದ. ಅಂಟಕ್ಕ ಯಂತ್ರ ನಿಲ್ಲಿಸಿ ಗೋಡೆಯ ದೀಪ ಹಾಕಿದಳು. ಅವನ ಮುಂದೆ ಬಂದು ನಿಂತು, "ತಪ್ಪಾಯ್ತು ಅಜ್ಜ. ಅವರನ್ನ ಕತ್ತರಿಸಿಬಿಟ್ಟೆ," ಎಂದಳು.

"ಅವನೊಬ್ಬನನ್ನೇ ಅಲ್ಲ ತಾಯಿ," ಎಂದ ಮುದುಕ. "ಅವನ ಹಿಂದೆ ನಾನೂ ಬರ್ತಿದ್ದೆ."

ಹೆಂಗಸು ತಟ್ಟನೆ ಅವನ ಕಡೆ ತಿರುಗಿದಳು. ಇಷ್ಟು ವರ್ಷ ಇದನ್ನು ಅವನು ಅವಳಿಗೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಚಿಕ್ಕಪ್ಪ ಎಂದು ಕೇಳಿದ್ದಕ್ಕೆ, ನನ್ನನ್ನ ನೋಡೋಕೆ ಚಿತ್ರ ಯಾಕೆ ಬೇಕಿತ್ತು, ದಿನಾ ನಿನ್ನ ತಟ್ಟೆ ಎದುರಿಗೇ ಕೂತಿರ್ತಿದ್ದೆನಲ್ಲ ಎಂದ. ಅವಳು ಅವನ ಮೊಣಕಾಲಿನ ಮೇಲೆ ತಲೆಯಿಟ್ಟಳು. ಸುಳ್ಳುಗಾರ ಅಂದೆನಲ್ಲ ಎನ್ನುತ್ತಿದ್ದಳು. ಮುದುಕ ಅವಳ ನೆತ್ತಿಯ ಮೇಲೆ ಕೈಯಿಟ್ಟುಕೊಂಡೇ ಖಾಲಿ ತೆರೆ ನೋಡುತ್ತಾ ಹೇಳತೊಡಗಿದ.

ನಿಮ್ಮಪ್ಪ ಈ ಕಡೆಯಿಂದ ಬಂದ. ಹೊರೆ ತಡೆಯೋಕೆ ಹಣೆಗೆ ಕಟ್ಟಿದ ಪಟ್ಟಿ ಸಡಿಲವಾಗಿತ್ತು. ಕ್ಯಾಮೆರಾದವನು ಅಡ್ಡ ಬಂದ. ಇವನು ನಿಂತ. ನಾನು ಹಿಂದಿನಿಂದ, ನಡಿಯೋ ಮದುಮಗ, ಮೆರವಣಿಗೆ ನಿಂತುಹೋಯ್ತು ಅಂದೆ. ಅದಕ್ಕೆ ನಕ್ಕ. ಹೊರೆ ಇಳಿಸಿ, ಸೊಂಟಕ್ಕೆ ಕೈಯಿಟ್ಟು, ಕತ್ತು ಒಂದು ಕಡೆ ವಾಲಿಸಿ ನಕ್ಕ. ಎಡಗಡೆ ಹಲ್ಲೊಂದು ಇರಲಿಲ್ಲ. ನೀನು ನಗುವಾಗ ಕತ್ತು ವಾಲಿಸ್ತೀಯಲ್ಲ, ಅದು ಅವನದೇ. ಆಮೇಲೆ ಹೊರೆ ಎತ್ತೋಕೆ ನಾನೇ ಕೈ ಕೊಟ್ಟೆ.

ಅಂಟಕ್ಕ ಗೋಡೆಗೆ ಒರಗಿ ಕೇಳುತ್ತಿದ್ದಳು. ತಾನು ಎಸೆದದ್ದು ಏನೆಂದು ಅವಳಿಗೆ ಅಂದೇ ಮೊದಲ ಸಲ ಕಂಡದ್ದು. ನನ್ನನ್ನು ಬೈಯಿರಿ ಎಂದು ಕೇಳಬೇಕೆನ್ನಿಸಿತು. ಇಬ್ಬರೂ ಅವಳ ಕಡೆ ನೋಡುತ್ತಿರಲಿಲ್ಲ.

ಕೊನೆಗೆ ಮುದುಕ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡು, "ಸಾಕು. ಮುಂದಕ್ಕೆ ಓಡಿಸಿ ತಾಯಿ," ಎಂದ. "ಇನ್ಮೇಲೆ ಬರೋರೆಲ್ಲ ದೊಡ್ಡ ಮನುಷ್ಯರೇ."

ಅಂಟಕ್ಕ ದೀಪ ಆರಿಸಿ ಯಂತ್ರದ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಬೆರಳು ಕೆಳಗಿಳಿಯಲಿಲ್ಲ. ಸ್ವಲ್ಪ ಹೊತ್ತು ನೋಡಿ ಹೆಂಗಸೇ ಎದ್ದು ಬಂದಳು, ಅಂಟಕ್ಕನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಾನೇ ಒತ್ತಿದಳು.